ಎಡಮೂಗಿನ ಬೊಟ್ಟು

"ಕಳ್ಳರು ಕೊಂದು ಮೂಗುಬೊಟ್ಟನ್ನೂ ಬಿಡದಂಗ ಒಯ್ದಾರ್ರಿ ಸಾಹೇಬ್ರ," ಎಂದು ಅಳಿಯ ವೀರೇಶ ಇನ್‌ಸ್ಪೆಕ್ಟರ ಎದುರು ಮತ್ತೊಮ್ಮೆ ಅತ್ತಾಗ, ಹಂಪಮ್ಮನ ಬೆರಳು ಸತ್ತ ಮಗಳ ಎಡಮೂಗಿನ ಮೇಲಿತ್ತು. ಕಮಲಾಪುರದ ಕಬ್ಬಿನ ಗದ್ದೆಯಲ್ಲಿ ಮುಂಜಾನೆ ಸಿಕ್ಕ ಶೈಲಜಾ ಈಗ ಹೊಸಪೇಟೆಯ ಶವಾಗಾರದಲ್ಲಿ, ಮುಖವೊಂದನ್ನು ಬಿಟ್ಟು ಬಿಳಿ ಬಟ್ಟೆಯಡಿ ಮಲಗಿದ್ದಳು.

ಆ ಮೂಗು ಚುಚ್ಚಿಸಿದವಳು ಹಂಪಮ್ಮನೇ. ಬೊಟ್ಟು ತೆಗೆದಾಗಲೆಲ್ಲ ತೂತು ಮುಚ್ಚದಿರಲೆಂದು ಅದರೊಳಗೆ ಬೇವಿನ ಕಡ್ಡಿ ಇಡುತ್ತಿದ್ದಳು. ಈಗ ಅಲ್ಲಿ ತೂತೇ ಇರಲಿಲ್ಲ. ಹರಿದ ಗಾಯವೂ ಇರಲಿಲ್ಲ. ಚರ್ಮ ಕೂಡಿಕೊಂಡಿತ್ತು, ಒಳಗೆ ಎಳ್ಳಿನಷ್ಟು ಗಟ್ಟಿ ಗಂಟೊಂದು ಬೆರಳಿಗೆ ಹತ್ತಿತು. ಒಂದು ದಿನದಲ್ಲಿ ಕೂಡುವ ಚರ್ಮವಲ್ಲ ಅದು. ವರ್ಷದಿಂದ ವೀರೇಶ ಹಬ್ಬಕ್ಕೂ ಅವಳನ್ನು ತವರಿಗೆ ಕಳಿಸಿರಲಿಲ್ಲ.

"ನಿನ್ನಿ ಮುಂಜಾನಿ ಬೊಟ್ಟು ಹಾಕ್ಕೊಂಡಿದ್ಲೇನ್ರಿ?" ಹಂಪಮ್ಮ ತಿರುಗಿ ನೋಡದೆ ಕೇಳಿದಳು.

"ಹೌದ್ರಿ ಅತ್ತಿ, ಕಣ್ಣಾರೆ ನೋಡೀನಿ," ಎಂದ ವೀರೇಶ. "ಬಿಸಿಲಿಗೆ ಮಿಂಚ್ತಿತ್ತು."

ಹಂಪಮ್ಮ ಅಳಲಿಲ್ಲ. ಇನ್‌ಸ್ಪೆಕ್ಟರ ಕೈ ಹಿಡಿದೆಳೆದು ಮಗಳ ಮೂಗಿನ ಮೇಲಿಟ್ಟಳು.

"ಇಲ್ಲಿ ಒತ್ತಿ ನೋಡ್ರಿ ಸಾಹೇಬ್ರ."