ಹಿತ್ತಾಳೆಯ ದನಿ

"ತಗೊಳ್ಳಿ, ಟೀ," ಎಂದು ಹೆಂಡತಿ ಲೋಟ ಚಾಚಿದಾಗ ಹಿತ್ತಾಳೆ ಬೋಗುಣಿ ಬಡಿಯುತ್ತಿದ್ದ ಮುದುಕನ ಸುತ್ತಿಗೆ ಅರ್ಧಕ್ಕೇ ನಿಂತಿತು. ಬೆಳಗಿನಿಂದ ಇದು ಎಷ್ಟನೆಯ ಟೀಯೋ.

"ನಂದೇನು ಹೊಟ್ಟೆನಾ, ಹಂಡೆನಾ?" ಎಂದು ಗೊಣಗಿದ.

"ಕೆಲಸ ಎಲ್ಲಿಗೂ ಓಡಿಹೋಗಲ್ಲ, ಕುಡೀರಿ." ಅಡುಗೆಮನೆಯಿಂದ ಓಡಿಬಂದವಳು ಏದುಸಿರು ಬಿಡುತ್ತಿದ್ದಳು.

ಬಡಿದಷ್ಟೂ ಹಿತ್ತಾಳೆ ಗಡುಸಾಗುತ್ತದೆ, ಏಟಿನ ಸದ್ದು ಕೀರಲಾಗುತ್ತದೆ. ಆಗ ಕೈ ತಡೆದು ಮತ್ತೆ ಕಾಯಿಸದಿದ್ದರೆ ಸೀಳುತ್ತದೆ. ಮಾತೆಲ್ಲ ಕೇಳಿಸುತ್ತಿದ್ದರೂ ಅವನ ಕಿವಿಗೆ ಆ ಕೀರಲು ದನಿ ಬೀಳುವುದು ನಿಂತು ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಬಟ್ಟಲು ಸೀಳಿದಾಗೆಲ್ಲ ತಗಡನ್ನು ಬೈಯುತ್ತಿದ್ದ. ಈಚೆಗೆ ಒಂದೂ ಸೀಳದಿದ್ದಾಗ ಅದೇ ತಗಡನ್ನು ಹೊಗಳಿದ್ದ.

ಈಗ ಬೋಗುಣಿಯ ಅಂಚಿನ ಮೇಲೆ ಹೆಬ್ಬೆರಳಾಡಿಸಿದ. ಇನ್ನೊಂದು ಏಟು ಬಿದ್ದಿದ್ದರೆ ಸೀಳುತ್ತಿತ್ತು. ಬೆಳಗಿನಿಂದ ಪ್ರತಿ ಟೀಯೂ ಇಂಥ ಹೊತ್ತಿಗೇ ಬಂದಿತ್ತು. ಲೋಟದೊಳಗೆ ಇಣುಕಿದ. ಖಾಲಿ. ಗಡಿಬಿಡಿಯಲ್ಲಿ ಅವಳು ಟೀ ಸುರಿಯುವುದನ್ನೇ ಮರೆತಿದ್ದಳು.

ಬೋಗುಣಿಯನ್ನು ಮತ್ತೆ ಕೆಂಡದ ಮೇಲಿಟ್ಟು, ಅವಳ ಮುಂದೆಯೇ ಖಾಲಿ ಲೋಟವನ್ನು ತುಟಿಗೆ ಹಚ್ಚಿ, ನಿಧಾನವಾಗಿ ಕೊನೆಯ ಗುಟುಕಿನವರೆಗೂ ಕುಡಿದ.

"ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು," ಎಂದ.