ಅಳಿಸಿಹೋದ ಮದುವೆ ವಿಡಿಯೋ

ಚಿತ್ರದುರ್ಗದ ಒಂದು ಬಾಡಿಗೆ ಮನೆ. ಭಾನುವಾರ ಬೆಳಿಗ್ಗೆ...

ಸಿಂಚನಾ ಕಂಪ್ಯೂಟರ್ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದಳು.

ಡಿಪ್ಲೊಮಾಗೆ ಸೇರಿ ವಾರವಾಗಿತ್ತು. ಕಟ್ಟಡಗಳ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಹಾಕಿಕೊಂಡು ಬನ್ನಿ ಎಂದು ಮೇಷ್ಟ್ರು ಹೇಳಿದ್ದರು. ಹಾಕಲು ಹೋದರೆ ಪರದೆಯ ಮೇಲೆ ಮತ್ತೆ ಮತ್ತೆ ಅದೇ ಸಾಲು... ಡಿಸ್ಕ್‌ನಲ್ಲಿ ಜಾಗ ಸಾಲದು.

ಏನನ್ನಾದರೂ ಅಳಿಸಲೇಬೇಕಿತ್ತು.

‘ಅಮ್ಮ’ ಎಂಬ ಫೋಲ್ಡರ್ ಎಲ್ಲಕ್ಕಿಂತ ದೊಡ್ಡದು. ಆದರೆ ಅದನ್ನು ಮುಟ್ಟುವ ಮಾತೇ ಇಲ್ಲ.

ಸಿಂಚನಾ ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಅಮ್ಮ ಅಂಬುಜಾಕ್ಷಿ ತೀರಿಕೊಂಡಿದ್ದರು. ಅಮ್ಮ ನಗುವುದು, ಜಡೆ ಹೆಣೆಯುವುದು, ‘ಕ್ಯಾಮೆರಾ ಆಫ್ ಮಾಡ್ರೀ’ ಎಂದು ಅಪ್ಪನನ್ನು ಗದರುವುದು... ಎಲ್ಲ ಉಳಿದಿದ್ದು ಅಲ್ಲಿ ಮಾತ್ರ.

ಅಮ್ಮ ಹೋದ ಎರಡು ವರ್ಷಕ್ಕೆ ಅಪ್ಪ ಮತ್ತೆ ಮದುವೆಯಾದರು. ಬಂದವರು ಜಯಶೀಲಾ. ಸಿಂಚನಾಗೆ ಚಿಕ್ಕಮ್ಮ.

ಚಿಕ್ಕಮ್ಮನ ಜೊತೆ ಜಗಳ ಅಂತ ಏನೂ ಇರಲಿಲ್ಲ... ಸಲುಗೆಯೂ ಇರಲಿಲ್ಲ. ‘ಊಟ ಆಯ್ತಾ’, ‘ಬಸ್ ಸಿಕ್ತಾ’... ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಹಾಗಾಗಿ ಏನನ್ನು ಅಳಿಸಬೇಕು ಎಂದು ಸಿಂಚನಾ ಹೆಚ್ಚು ಯೋಚಿಸಲಿಲ್ಲ.

ಅಪ್ಪ, ಚಿಕ್ಕಮ್ಮನ ಮದುವೆ ವಿಡಿಯೋ ಇದೆಯಲ್ಲ... ಮೂರು ಗಂಟೆಯದು. ಯಾರೂ ನೋಡುವುದಿಲ್ಲ. ಅದನ್ನು ತೆಗೆದರೆ ಬೇಕಾದಷ್ಟು ಜಾಗ.

ನಿಜ ಹೇಳಬೇಕೆಂದರೆ, ಅದನ್ನು ಅಳಿಸಲು ಒಂದು ನೆಪ ಸಿಕ್ಕಿದ್ದು ಅವಳಿಗೆ ಒಳಗೊಳಗೇ ಸಮಾಧಾನ ತಂದಿತ್ತು.

ಹುಡುಕಿದಳು. ಎಲ್ಲ ಫೋಲ್ಡರ್ ತೆರೆದಳು. ಮದುವೆ ವಿಡಿಯೋ ಎಲ್ಲೂ ಇರಲಿಲ್ಲ.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವತ್ತು ಡ್ಯೂಟಿಯಲ್ಲಿದ್ದರು. ಫೋನ್ ಮಾಡಿ ಕೇಳಿದಳು.

ಆ ಕಡೆಯಿಂದ ಅಪ್ಪನ ದನಿ...

“ಅದು ಇಲ್ಲ ಪುಟ್ಟಿ. ಅಳಿಸಿ ನಾಲ್ಕು ವರ್ಷದ ಮೇಲಾಯ್ತು.”

ಆಮೇಲೆ ಅಪ್ಪ ನಿಧಾನವಾಗಿ ಎಲ್ಲ ಹೇಳಿದರು.

ಲಾಕ್‌ಡೌನ್ ಸಮಯ. ಸೋಮವಾರದಿಂದ ಸಿಂಚನಾಗೆ ಆನ್‌ಲೈನ್ ಕ್ಲಾಸ್. ಭಾನುವಾರ ನೋಡಿದರೆ ಕಂಪ್ಯೂಟರ್ ತುಂಬಿಹೋಗಿ ನಿಂತಲ್ಲೇ ನಿಂತಿತ್ತು. ಒಂದು ಪೆನ್‌ಡ್ರೈವ್ ತರೋಣವೆಂದರೆ ಊರಲ್ಲಿ ಒಂದಂಗಡಿಯೂ ತೆರೆದಿರಲಿಲ್ಲ.

ಗೊತ್ತಿದ್ದ ಕಂಪ್ಯೂಟರ್ ರಿಪೇರಿಯವರು ಫೋನಿನಲ್ಲೇ ಎಲ್ಲ ನೋಡಿಸಿ, ದೊಡ್ಡವು ಎರಡೇ ಇವೆ, ಒಂದನ್ನು ತೆಗೆಯಿರಿ ಎಂದರಂತೆ. ಒಂದು ಅಮ್ಮನ ಫೋಲ್ಡರ್. ಇನ್ನೊಂದು ಮದುವೆ ವಿಡಿಯೋ. ಎರಡಕ್ಕೂ ಬೇರೆ ಕಾಪಿ ಇರಲಿಲ್ಲ.

ಅಪ್ಪ ಮೌಸ್ ಹಿಡಿದು ಸುಮ್ಮನೆ ಕೂತುಬಿಟ್ಟರಂತೆ. ಚಿಕ್ಕಮ್ಮನೇ ಬಂದು ಅವರ ಕೈಯಿಂದ ಮೌಸ್ ತೆಗೆದುಕೊಂಡು, ಮದುವೆ ವಿಡಿಯೋ ಅಳಿಸಿ, ಅಡುಗೆಮನೆಗೆ ಹೋದರಂತೆ.

“ಅದ್ರಲ್ಲಿ ಚಿಕ್ಕಮ್ಮನ ಅಪ್ಪ ಇದ್ರು ಪುಟ್ಟಿ... ಮದ್ವೆಯಾದ ವರ್ಷಕ್ಕೇ ತೀರ್ಕೊಂಡ್ರಲ್ಲ, ಹೊಳಲ್ಕೆರೆ ತಾತ. ಓಡಾಡ್ತಾ, ಮಾತಾಡ್ತಾ ಇದ್ದಿದ್ದು ಅದೊಂದ್ರಲ್ಲೇ.”

ಸಿಂಚನಾ ಫೋನ್ ಇಟ್ಟಳು.

ಆಮೇಲೆ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಚಿಕ್ಕಮ್ಮ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

“ಮದುವೆ ವಿಡಿಯೋ ಯಾಕೆ ಅಳಿಸಿದ್ರಿ ಚಿಕ್ಕಮ್ಮ?”

ಜಯಶೀಲಾ ತಲೆ ಎತ್ತಿದರು. ಯಾರು ಹೇಳಿದರು ಎಂದು ಕೇಳಲಿಲ್ಲ.

“ನಮ್ಮಪ್ಪನ ದನಿ ನಾನು ಮೂವತ್ತು ವರ್ಷ ಕೇಳಿದೀನಿ ಸಿಂಚು. ಮರೆಯಲ್ಲ. ನಿಂಗೆ ಅಮ್ಮನ ದನಿ ಸಿಕ್ಕಿದ್ದು ಎಂಟೇ ವರ್ಷ... ಮರ್ತುಹೋಗಿಬಿಡೋದು.”

ಅಷ್ಟೇ. ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದರು.

ಸಿಂಚನಾ ಪಕ್ಕದಲ್ಲಿ ಕೂತಳು. ಒಂದು ಹಿಡಿ ಬೆಳ್ಳುಳ್ಳಿ ತೆಗೆದುಕೊಂಡು ಸುಲಿಯತೊಡಗಿದಳು...

ಅವತ್ತು ಸಂಜೆ ತಾನು ಇಳಿಸಿಕೊಂಡಿದ್ದ ಸಿನಿಮಾ, ಗೇಮ್ ಎಲ್ಲ ಒಂದೊಂದಾಗಿ ಅಳಿಸಿದಳು. ಸಾಫ್ಟ್‌ವೇರ್‌ಗೂ ಜಾಗವಾಯಿತು... ಸ್ವಲ್ಪ ಮಿಕ್ಕಿತು ಕೂಡ.

ಆಮೇಲೆ ಯಾರಿಗೂ ಹೇಳದೆ ಹೊಳಲ್ಕೆರೆಗೆ, ಚಿಕ್ಕಮ್ಮನ ಅಣ್ಣನಿಗೆ ಫೋನ್ ಮಾಡಿದಳು. ‘ಮಾವ’ ಎಂದು ಅವಳು ಅವರನ್ನು ಕರೆದದ್ದು ಅದೇ ಮೊದಲು. ಮದುವೆಯ ದಿನ ಯಾರಾದರೂ ಮೊಬೈಲ್‌ನಲ್ಲಿ ತಾತನನ್ನು ತೆಗೆದಿದ್ದರಾ ಎಂದು ಕೇಳಿದಳು.

ಅವರು ನೆಂಟರನ್ನೆಲ್ಲ ವಿಚಾರಿಸಿದರು. ಇಲ್ಲ, ಇಲ್ಲ ಎಂದೇ ಉತ್ತರ ಬಂತು. ಹತ್ತು ದಿನ ಕಳೆದ ಮೇಲೆ ಹೊಸದುರ್ಗದ ಒಬ್ಬ ನೆಂಟರ ಹಳೇ ಫೋನಿನಲ್ಲಿ ಒಂದು ತುಣುಕು ಸಿಕ್ಕಿತು. ನಲವತ್ತೆರಡೇ ಸೆಕೆಂಡು.

ಸಿಂಚನಾ ಚಿಕ್ಕಮ್ಮನನ್ನು ಕರೆದು ಕಂಪ್ಯೂಟರ್ ಮುಂದೆ ಕೂರಿಸಿದಳು. ಏನು ಎಂದು ಹೇಳಲಿಲ್ಲ. ಪ್ಲೇ ಒತ್ತಿದಳು.

ಊಟದ ಪಂಕ್ತಿ. ಬಿಳಿ ಪಂಚೆಯ ಒಬ್ಬ ಮುದುಕರು ಬಡಿಸುವವನನ್ನು ತಡೆದು ಗದರುತ್ತಿದ್ದಾರೆ... “ತುಪ್ಪ ಹಾಕಪ್ಪ. ಒಣ ಹೋಳಿಗೆ ಹೆಂಗ್ ತಿಂತಾರೆ ಜನ?”

ಜಯಶೀಲಾ ಥಟ್ಟನೆ ನಕ್ಕರು. ನಗುತ್ತಿದ್ದ ಹಾಗೆಯೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು...

“ಇನ್ನೊಂದ್ಸಲ ಹಾಕು ಸಿಂಚು.”

ಎಷ್ಟು ಸಲ ಹಾಕಿದಳೋ ಲೆಕ್ಕವಿಲ್ಲ.

ಕೊನೆಗೆ ಕಣ್ಣೊರೆಸಿಕೊಂಡು ಜಯಶೀಲಾ ಮೆಲ್ಲಗೆ ಕೇಳಿದರು, “ನಿಮ್ಮಮ್ಮಂದು ಒಂದು ತೋರಿಸ್ತೀಯಾ?”

ಸಿಂಚನಾಗೆ ಆಶ್ಚರ್ಯವಾಯಿತು. ಇಷ್ಟು ವರ್ಷದಿಂದ ಇದೇ ಮನೆಯಲ್ಲಿ ಇದೆಯಲ್ಲ, ನೋಡೇ ಇಲ್ಲವಾ ಎಂದಳು.

“ನೀನು ಕರೀದೆ ನಾನಾಗೇ ಹೆಂಗ್ ನೋಡ್ಲಿ?”

ಸಿಂಚನಾ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡಳು. ಫೋಲ್ಡರ್ ತೆರೆದಳು. ಇಷ್ಟು ದಿನ ಬಾಗಿಲು ಹಾಕಿಕೊಂಡು ಒಬ್ಬಳೇ ನೋಡುತ್ತಿದ್ದ ಅಮ್ಮನನ್ನು ಅವತ್ತು ಇಬ್ಬರೂ ಸೇರಿ ನೋಡಿದರು...

*

ಕಂಪ್ಯೂಟರ್‌ನಲ್ಲಿ ಒಂದನ್ನು ಅಳಿಸಿದರೇ ಇನ್ನೊಂದಕ್ಕೆ ಜಾಗ... ಮನಸ್ಸಿಗೆ ಆ ಕಷ್ಟವಿಲ್ಲ.

ನಿಮ್ಮ ಮನೆಯಲ್ಲೂ ನಿಮಗಾಗಿ ಸದ್ದಿಲ್ಲದೆ ಏನನ್ನೋ ಬಿಟ್ಟುಕೊಟ್ಟವರು ಇರಬಹುದು... ಅದು ಏನೆಂದು ಒಮ್ಮೆಯಾದರೂ ಕೇಳಿದ್ದೀರಾ?