ಅವ್ವನ ವಾರ

ಐದು ವಾರ ದುಡಿದವರು ಆರನೆಯ ವಾರ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಲೇಬೇಕಿತ್ತು; ಆಗ ಕೆಲಸಕ್ಕೆ ಅವರ ತದ್ರೂಪಿ ಬದಲಿ ಬರುತ್ತಿತ್ತು. ನರ್ಸ್ ಕಸ್ತೂರಿಗೆ ಮಾತ್ರ ತನ್ನ ವಾರ್ಡನ್ನು ಬದಲಿಯ ಕೈಗೊಪ್ಪಿಸಲು ಮನಸ್ಸೇ ಬಾರದು. ತಾನಿಲ್ಲದೆ ಅಲ್ಲೇನೂ ನಡೆಯದು ಎಂದುಕೊಂಡು, ಬದಲಿಯನ್ನೇ ಗುಟ್ಟಾಗಿ ಮನೆಗೆ ಕಳಿಸಿ ಆ ವಾರವೆಲ್ಲ ಆಸ್ಪತ್ರೆಯಲ್ಲೇ ಉಳಿದುಬಿಡುತ್ತಿದ್ದಳು.

ಹೀಗೇ ನಾಲ್ಕು ವರ್ಷ ಕಳೆದ ಮೇಲೆ, ಒಂದು ರಜೆಯ ವಾರ, ತಲೆ ಸುತ್ತಿ ಬಿದ್ದವಳನ್ನು ಜೊತೆಯವರು ಆಟೋ ಹತ್ತಿಸಿ ಕಳಿಸಿದರು. ಮನೆಯ ಪಡಸಾಲೆಯಲ್ಲಿ ಬದಲಿ ಯಾವುದೋ ಹಾಡು ಗುನುಗುತ್ತ ಮಗಳು ಪಮ್ಮಿಗೆ ಹೆರಳು ಹಾಕುತ್ತಿತ್ತು. ಆ ಹಾಡು ಕಸ್ತೂರಿಗೆ ಗೊತ್ತೇ ಇರಲಿಲ್ಲ.

“ಬಾರವ್ವಾ, ಇವತ್ತು ನಾ ಹಾಕ್ತೀನಿ,” ಎಂದು ಅವಳು ಕೈ ಚಾಚಿದಳು.

ಪಮ್ಮಿ ಬದಲಿಯ ಮಡಿಲಿಗೆ ಸರಿದು, ಅದರ ಮುಖ ನೋಡುತ್ತ ಕೇಳಿದಳು: “ಅವ್ವಾ, ಇದು ನಿನ್ನ ವಾರ ಅಲ್ಲೇನು? ಬದಲಿ ಯಾಕ ಬಂದೈತಿ?”